ಕೊಟ್ಟ ಸಾಲು, ಕಟ್ಟಿದ ಪದ್ಯ

ಗಂಗಾವತಿಯ ಸೀಮೆಯ ಸಾಣಾಪುರಕ್ಕೆ ಬಂಧುಗಳ ಮನೆಯ ಮದುವೆಗೆಂದು ಹೋಗಿದ್ದೆ. ಅಕ್ಷತೆಯ ಕಾರ್ಯ ಮುಗಿದು, ಸಂಜೆ ಹೊಸ ದಂಪತಿಗಳನ್ನು ಮನೆ ತುಂಬಿಸಿಕೊಳ್ಳುವ ಹೊತ್ತು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಸಿದ್ಧವಾಗಿತ್ತು. ಆದರೆ ಅದಕ್ಕೆ ಕಾಲು ತಾಗುವ ಮೊದಲೇ ಗಂಡಿನ ತಂಗಿಯರು ನಾಲ್ವರು ಬಾಗಿಲಿಗೆ ಅಡ್ಡ ನಿಂತು, “ಹೆಸರ ಹೇಳಿದ್ರ ಒಳಗ ಬಿಡ್ತೀವಿ, ಇಲ್ಲಾಂದ್ರ ಇಲ್ಲೇ ನಿಂದರ್ರಿ” ಎಂದು ಪಟ್ಟು ಹಿಡಿದರು. ಬರಿಯ ಹೆಸರು ಹೇಳಿದರೆ ಸಾಲದು. ಒಡಪು ಕಟ್ಟಿ, ಪ್ರಾಸವಿಟ್ಟು, ಕೊನೆಯಲ್ಲಿ ಹೆಸರು ಬರುವಂತೆ ಹೇಳಬೇಕು. ಉತ್ತರ ಕರ್ನಾಟಕದ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮದುಮಗಳು ತಲೆ ತಗ್ಗಿಸಿ ಅರೆನಿಮಿಷ ನಿಂತಳು. ಆಮೇಲೆ ಕೆರೆಯನ್ನೂ ತಾವರೆಯನ್ನೂ ಸೇರಿಸಿ ಎರಡು ಸಾಲು ಹೆಣೆದು, ಗಂಡನ ಹೆಸರನ್ನು ಅದರ ತುದಿಗೆ ಮೆಲ್ಲನೆ ಇಟ್ಟುಬಿಟ್ಟಳು. ಹೆಂಗಸರೆಲ್ಲ ನಕ್ಕು ತಲೆದೂಗಿದರು. ಈಗ ಸರದಿ ಮದುಮಗನದು. ಆತ ಬೆಂಗಳೂರಿನಲ್ಲಿ ಇಂಜಿನಿಯರು. ಸಭೆಗಳಲ್ಲಿ ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ಮಾತನಾಡುವ ಪ್ರಾಣಿ. ಆದರೆ ಆ ಹೊಸ್ತಿಲಲ್ಲಿ ಅವನ ಬಾಯಿ ಕಟ್ಟಿತು. ಬಾಸಿಂಗದ ಅಂಚಿನಿಂದ ಬೆವರು ಇಳಿಯಿತು. ಹಿಂದೆ ನಿಂತ ಗೆಳೆಯರು ಏನೇನೋ ಪಿಸುಗುಟ್ಟಿದರೂ ಪ್ರಯೋಜನವಾಗಲಿಲ್ಲ. ಕಡೆಗೆ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ ಅವನ ಸೋದರತ್ತೆ ಕರುಣೆ ತಾಳಿ, “ಒಂದು ಸಾಲ ನಾ ಕೊಡ್ತೀನಪ, ಮುಂದಿಂದು ನೀ ಹಚ್ಚು” ಎಂದು, “ಹರಿಗೋಲ ದಾಟಾಕ ಹುಟ್ಟು ಬೇಕು” ಎಂದರು. ಹುಡುಗ ಒಮ್ಮೆ ಕಣ್ಣು ಮುಚ್ಚಿ ತೆರೆದ. “ನನ್ನ ಸಂಸಾರ ದಾಟಾಕ...” ಎಂದು ಆರಂಭಿಸಿ, ಹೆಂಡತಿಯ ಹೆಸರು ಹೇಳಿ, “ಬೇಕು” ಎಂದು ಮುಗಿಸಿದ. ದೊಡ್ಡ ಕವಿತೆಯೇನೂ ಅಲ್ಲ. ಆದರೆ ಬಾಗಿಲು ತೆರೆಯಿತು.

ನನ್ನ ಅವಸ್ಥೆಯೂ ಆಗ ಆ ಮದುಮಗನದೇ ಆಗಿತ್ತೆಂದು ಹೇಳಿಬಿಡುವುದು ಮೇಲು. ಪತ್ರಿಕೆಯೊಂದಕ್ಕೆ ಲೇಖನ ಕೊಡುತ್ತೇನೆಂದು ಒಪ್ಪಿಕೊಂಡು ಮೂರು ವಾರ ಕಳೆದಿತ್ತು. ಕಾಗದದ ಮೇಲೆ ತಾರೀಖು ಬಿಟ್ಟರೆ ಬೇರೇನೂ ಮೂಡಿರಲಿಲ್ಲ. ಸಾಣಾಪುರದ ಕೆರೆಯ ದಂಡೆಯ ಬಂಡೆಯ ಮೇಲೆ ಕುಳಿತರೆ ಏನಾದರೂ ಹೊಳೆಯಬಹುದೆಂದು ಬೆಳಿಗ್ಗೆ ಹೋಗಿ ಕುಳಿತೆ. ಸುತ್ತಲೂ ಒಂದರ ಮೇಲೊಂದು ಯಾರೋ ಆಟಕ್ಕೆ ಪೇರಿಸಿಟ್ಟಂತಿರುವ ಹೆಬ್ಬಂಡೆಗಳು, ನಡುವೆ ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಬಂದು ನಿಂತ ನೀರು, ಆಚೆ ಬತ್ತದ ಗದ್ದೆ. ನೋಡಲು ಬೇಕಾದದ್ದೆಲ್ಲ ಇತ್ತು. ಬರೆಯಲು ಒಂದು ಸಾಲೂ ಇರಲಿಲ್ಲ. ಸಂಜೆ ಆ ಸೋದರತ್ತೆಯ ಉಪಾಯವನ್ನು ಕಂಡಮೇಲೆ, ಈ ಉಪಾಯದ ವಂಶಾವಳಿಯನ್ನೇ ಹುಡುಕಬಾರದೇಕೆ ಎನ್ನಿಸಿತು. ಹುಡುಕಹೊರಟರೆ ಅದು ಬಹು ದೂರ ಕರೆದೊಯ್ದಿತು. ದೂರ ಹೋಗಿ ಮತ್ತೆ ಇದೇ ಸೀಮೆಗೆ ತಂದು ಬಿಟ್ಟಿತು.

ಬರೆಯಕುಳಿತವನ ಕೈ ಕಟ್ಟುವ ಈ ವ್ಯಾಧಿಗೆ ‘ರೈಟರ್ಸ್ ಬ್ಲಾಕ್’ ಎಂಬ ಹೆಸರನ್ನು ರೂಢಿಗೆ ತಂದವನು ಎಡ್ಮಂಡ್ ಬರ್ಗ್ಲರ್ ಎಂಬ ಮನೋವಿಶ್ಲೇಷಕ, ೧೯೪೦ರ ದಶಕದಲ್ಲಿ. ವ್ಯಾಧಿಗೆ ಹೆಸರು ಬರುವ ಸಾವಿರ ವರ್ಷಗಳಿಗೂ ಮೊದಲೇ ನಮ್ಮಲ್ಲಿ ಔಷಧಿ ಇತ್ತು. ಅದರ ಹೆಸರು ಸಮಸ್ಯಾಪೂರಣ. ವಾತ್ಸ್ಯಾಯನನು ನಾಗರಿಕರು ಕಲಿಯತಕ್ಕ ಅರವತ್ತನಾಲ್ಕು ಕಲೆಗಳನ್ನು ಎಣಿಸುವಾಗ ಅಡುಗೆ, ಮಾಲೆ ಕಟ್ಟುವುದು, ಗಿಳಿಗೆ ಮಾತು ಕಲಿಸುವುದು ಇವುಗಳ ನಡುವೆ ಕಾವ್ಯಸಮಸ್ಯಾಪೂರಣವನ್ನೂ ಸೇರಿಸಿದ್ದಾನೆ. ಅಂದರೆ ಅದು ಪಂಡಿತರ ಗುಟ್ಟಲ್ಲ, ಸಂಸಾರಸ್ಥರ ವಿನೋದ.

ಅದನ್ನು ಕವಿಯ ದಿನಚರಿಗೇ ಸೇರಿಸಿದವನು ರಾಜಶೇಖರ. ಕ್ರಿ.ಶ. ೯೦೦ರ ಸುಮಾರಿಗೆ ಕನೋಜದ ಪ್ರತೀಹಾರರ ಆಸ್ಥಾನದಲ್ಲಿದ್ದ ಈತನ ‘ಕಾವ್ಯಮೀಮಾಂಸೆ’ ೧೯೧೬ರಲ್ಲಿ ಬಡೋದೆಯ ಗಾಯಕವಾಡ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಅಚ್ಚಾಯಿತು. ಅದರಲ್ಲಿ ಕವಿಯ ಹಗಲನ್ನು ನಾಲ್ಕು ಜಾವಗಳಾಗಿ ಹಂಚಿದ್ದಾನೆ. ಮೊದಲ ಜಾವ ಓದು, ಎರಡನೆಯದು ರಚನೆ. ಊಟವಾದ ಮೇಲೆ ಮೂರನೆಯ ಜಾವದಲ್ಲಿ ಗೆಳೆಯರ ಗೋಷ್ಠಿ: ಪ್ರಶ್ನೋತ್ತರ, ಸಮಸ್ಯೆ, ಚಿತ್ರಬಂಧ. ನಾಲ್ಕನೆಯ ಜಾವದಲ್ಲಿ ಬೆಳಿಗ್ಗೆ ಬರೆದದ್ದನ್ನು ತಿದ್ದುವುದು. ಆ ಮೂರನೆಯ ಜಾವದ ಸ್ಥಾನವನ್ನು ಗಮನಿಸಬೇಕು. ಬೆಳಗಿನ ಬರವಣಿಗೆಗೂ ಸಂಜೆಯ ತಿದ್ದುಗೆಗೂ ನಡುವೆ ಕವಿ ಇನ್ನೊಬ್ಬರ ಸಾಲನ್ನು ಎತ್ತಿಕೊಂಡು ಆಡಬೇಕು. ತನ್ನ ಸಾಲುಗಳ ಭಾರದಿಂದ ಅಷ್ಟು ಹೊತ್ತು ಬಿಡುಗಡೆ. ಕವಿಯ ಬಳಿ ಹಲಗೆ, ಬಳಪ, ತಾಳೆಗರಿ, ಭೂರ್ಜಪತ್ರ, ಲೇಖನಿ, ಮಸಿಕುಡಿಕೆ ಎಲ್ಲ ಕೈಗೆಟಕುವಂತಿರಬೇಕೆಂದು ಪಟ್ಟಿಯನ್ನೂ ಕೊಡುತ್ತಾನೆ. ಇವೇ ಕಾವ್ಯವಿದ್ಯೆಯ ಪರಿಕರಗಳೆಂದು ಆಚಾರ್ಯರು ಹೇಳುತ್ತಾರೆ, ಆದರೆ ಪ್ರತಿಭೆಯೊಂದೇ ಪರಿಕರವೆಂದು ತನ್ನ ಮತ ಎಂದು ಕೊನೆಗೆ ಸೇರಿಸುತ್ತಾನೆ. ಹೊಸ ಪೆನ್ನು ಕೊಂಡರೆ ಲೇಖನ ಬಂದೀತೆಂದು ನಂಬಿದ ನನ್ನಂಥವರಿಗೆ ಇದು ಸ್ವಲ್ಪ ಕಹಿ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಇನ್ನೂ ಮುಂದೆ ಹೋಗಿ, ಕವಿಯಾಗಬೇಕೆನ್ನುವವರಿಗೆ ‘ಕವಿಕಂಠಾಭರಣ’ವೆಂಬ ಕೈಪಿಡಿಯನ್ನೇ ಬರೆದ. ಏನೂ ತೋಚದಿದ್ದರೆ ಅರ್ಥವನ್ನು ಬಿಟ್ಟುಬಿಡು, ಬರಿಯ ಪದಗಳಿಂದ ಛಂದಸ್ಸನ್ನು ತುಂಬು. ದೊಡ್ಡ ಕವಿಯ ಶ್ಲೋಕವೊಂದನ್ನು ತೆಗೆದುಕೊಂಡು ಛಂದಸ್ಸು ಕೆಡದಂತೆ ಪದಗಳನ್ನು ಬದಲಿಸು—ಎಂದೆಲ್ಲ ಅಭ್ಯಾಸಗಳನ್ನು ಹೇಳುತ್ತಾನೆ. ಕಾಳಿದಾಸನ ‘ರಘುವಂಶ’ದ ಮೊದಲ ಶ್ಲೋಕವನ್ನೇ ಹಾಗೆ ಬದಲಿಸಿ ತೋರಿಸಲು ಅವನಿಗೆ ಸಂಕೋಚವಿಲ್ಲ. ಶಿಷ್ಯರಲ್ಲಿ ಸುಲಭವಾಗಿ ಕಲಿಯುವವರು, ಕಷ್ಟದಿಂದ ಕಲಿಯುವವರು, ಎಂದಿಗೂ ಕಲಿಯದವರು ಎಂದು ಮೂರು ಬಗೆ. ಈ ಮೂರನೆಯ ಗುಂಪಿನಲ್ಲಿ ಹುಟ್ಟಾ ಕಲ್ಲಿನಂಥವರ ಜೊತೆಗೆ ವ್ಯಾಕರಣದಿಂದ ಕೆಟ್ಟವರನ್ನೂ ತರ್ಕದಿಂದ ಸುಟ್ಟವರನ್ನೂ ಕೂಡಿಸಿದ್ದಾನೆ. ಅಂಥವರ ಪರಿಚಯ ಓದುಗರಿಗೂ ಇದ್ದೀತು.

ಸಮಸ್ಯೆ ಕೆಲಸ ಮಾಡುವ ಬಗೆ ಸರಳವಾದದ್ದು. ಸಾಮಾನ್ಯವಾಗಿ ಪದ್ಯದ ಕೊನೆಯ ಪಾದವನ್ನು ಕೊಡುತ್ತಾರೆ, ಅದೂ ಅಸಂಬದ್ಧವಾಗಿ ಕಾಣುವಂತೆ. ‘ಇರುವೆ ಆನೆಯನ್ನು ಹೊತ್ತು ನಡೆಯಿತು’ ಎಂದು ಯಾರೋ ಕೊಟ್ಟರೆನ್ನಿ. ಹೇಗೆ ಸಾಧ್ಯ ಎಂದು ಮನಸ್ಸು ತಕ್ಷಣ ಜಗಳಕ್ಕೆ ನಿಲ್ಲುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಆನೆಯನ್ನು ಮಗು ಮೂಲೆಯಲ್ಲಿ ಮರೆತು ಮಲಗಿತೆಂದು ಮೊದಲ ಮೂರು ಪಾದಗಳಲ್ಲಿ ಹೇಳಿದರೆ ಜಗಳ ಮುಗಿಯಿತು. ಇದರಲ್ಲಿ ಕವಿಗೆ ಆಗುವ ಉಪಕಾರವೆಂದರೆ, ‘ಏನು ಬರೆಯಲಿ’ ಎಂಬ ಎಲ್ಲೆಯಿಲ್ಲದ ಪ್ರಶ್ನೆ ಹೋಗಿ ‘ಇದನ್ನು ಹೇಗೆ ಬಿಡಿಸಲಿ’ ಎಂಬ ಸಣ್ಣ ಪ್ರಶ್ನೆ ಬರುತ್ತದೆ. ಬಳ್ಳಾಲನ ‘ಭೋಜಪ್ರಬಂಧ’ದಂಥ ಕಥೆಗಳ ಬಳಗದಲ್ಲಿ ಒಂದು ಪ್ರಸಿದ್ಧ ಸಮಸ್ಯೆ ಶುದ್ಧ ಸದ್ದು ಮಾತ್ರ: ಠಣಠಣವೆಂಬ ಅರ್ಥವಿಲ್ಲದ ಅಕ್ಷರಗಳು. ನೀರು ತರುತ್ತಿದ್ದ ತರುಣಿಯ ಕೈಯಿಂದ ಚಿನ್ನದ ಕೊಡ ಜಾರಿ ಮೆಟ್ಟಿಲ ಮೇಲೆ ಉರುಳಿತು, ಇದು ಅದರ ಸದ್ದು ಎಂದು ಕಾಳಿದಾಸ ಬಿಡಿಸಿದನಂತೆ. ಕಾಳಿದಾಸನಿಗೂ ಭೋಜನಿಗೂ ನಡುವೆ ಶತಮಾನಗಳ ಅಂತರವಿದೆ, ಕಥೆ ಇತಿಹಾಸವಲ್ಲ. ಅದು ಸಮಸ್ಯೆಯ ಮೇಲೆ ನಮ್ಮವರಿಗಿದ್ದ ಅಕ್ಕರೆಯ ಇತಿಹಾಸ.

ಇನ್ನು ಕನ್ನಡಕ್ಕೆ ಬರೋಣ. ಇಲ್ಲಿ ಕಥೆ ಅಷ್ಟು ಹಗುರವಲ್ಲ.

‘ಕಂತಿ ಹಂಪನ ಸಮಸ್ಯೆಗಳು’ ಎಂಬ ಹೆಸರಿನಲ್ಲಿ ಕೆಲವು ಪದ್ಯಗಳು ಉಳಿದುಬಂದಿವೆ. ಹಂಪನೆಂದರೆ ಅಭಿನವಪಂಪನೆಂದು ಹೆಸರಾದ ನಾಗಚಂದ್ರ, ‘ರಾಮಚಂದ್ರಚರಿತಪುರಾಣ’ವನ್ನು ಬರೆದ ಹನ್ನೆರಡನೆಯ ಶತಮಾನದ ಆರಂಭದ ಜೈನಕವಿ. ದೋರಸಮುದ್ರದಲ್ಲಿ ಬಲ್ಲಾಳರಾಯನ ಸಭೆ. ನಾಗಚಂದ್ರ ಅರ್ಧ ಪದ್ಯ ಎಸೆಯುತ್ತಾನೆ, ಕಂತಿ ಒಡನೆಯೇ ಉಳಿದರ್ಧ ತುಂಬುತ್ತಾಳೆ. ಆಕೆಗೆ ಈ ಶಕ್ತಿ ಬಂದ ಬಗೆಯನ್ನು ಹತ್ತೊಂಬತ್ತನೆಯ ಶತಮಾನದ ದೇವಚಂದ್ರನ ‘ರಾಜಾವಳೀಕಥೆ’ ಹೇಳುತ್ತದೆ. ಮಂದಬುದ್ಧಿಯ ಶಿಷ್ಯರಿಗಾಗಿ ಉಪಾಧ್ಯಾಯನೊಬ್ಬ ಜ್ಯೋತಿಷ್ಮತೀ ತೈಲವನ್ನು ಸಿದ್ಧಪಡಿಸಿಟ್ಟಿದ್ದನಂತೆ. ಒಂದೆರಡು ತೊಟ್ಟು ಕುಡಿಯಬೇಕಾದುದನ್ನು ಕಂತಿ ಪೂರ್ತಿ ಕುಡಿದು, ಉರಿ ತಾಳಲಾರದೆ ಬಾವಿಗೆ ಹಾರಿದಳಂತೆ. ಕುತ್ತಿಗೆಯುದ್ದ ನೀರಿನಲ್ಲಿ ನಿಂತು ಉರಿ ಇಳಿದಮೇಲೆ ಕವಿಯಾಗಿ ಮೇಲೆ ಬಂದಳಂತೆ. ಗಂಡಸು ಕವಿಯಾದರೆ ಅದು ಪ್ರತಿಭೆ, ಹೆಂಗಸಾದರೆ ಅದಕ್ಕೊಂದು ಎಣ್ಣೆ ಬೇಕು ಎಂದು ಕಥೆ ಕಟ್ಟಿದವರಿಗೆ ತೋರಿರಬೇಕು.

ಮುಂದಿನ ಪ್ರಸಂಗ ಇನ್ನೂ ಹೆಸರಾದದ್ದು. ಸಮಸ್ಯೆಗಳನ್ನೆಲ್ಲ ಬಿಡಿಸುವ ಕಂತಿ ನಾಗಚಂದ್ರನನ್ನು ಮಾತ್ರ ಎಂದೂ ಹೊಗಳಳು. ನಿನ್ನ ಬಾಯಿಂದಲೇ ಹೊಗಳಿಸಿಕೊಳ್ಳುತ್ತೇನೆಂದು ಆತ ಪಂಥ ಕಟ್ಟಿದ. ಎಷ್ಟು ದಿನ ಕಳೆದರೂ ಆಗಲಿಲ್ಲ. ಕಡೆಗೆ ತಾನು ಸತ್ತೆನೆಂದು ಸುದ್ದಿ ಹುಟ್ಟಿಸಿ ಮಲಗಿಬಿಟ್ಟ. ಕಂತಿ ಓಡಿಬಂದು, ಇಂಥ ಕವಿ ಹೋದಮೇಲೆ ರಾಜಸಭೆಗೆ ಇನ್ನೇನು ಶೋಭೆ ಎಂದು ಪದ್ಯದಲ್ಲೇ ಅತ್ತಳು. ಅದು ಮುಗಿಯುತ್ತಿದ್ದಂತೆ ಹೆಣ ಎದ್ದು ಕುಳಿತು, ಗೆದ್ದೆನೆಂದು ನಕ್ಕಿತು. ನಮ್ಮ ಶಾಲೆಯ ದಿನಗಳಲ್ಲಿ ಇದನ್ನು ತಮಾಷೆಯ ಕಥೆಯಾಗಿ ಹೇಳುತ್ತಿದ್ದರು. ಈಗ ನೆನೆದರೆ ನಗು ಅಷ್ಟು ಸುಲಭವಾಗಿ ಬರುವುದಿಲ್ಲ. ಈ ಕಥೆಯಲ್ಲಿ ಕಂತಿ ತಾನಾಗಿ, ಯಾರೂ ಸಾಲು ಕೊಡದೆ, ಹೃದಯ ತುಂಬಿ ಹಾಡಿದ್ದು ಅದೊಂದೇ ಪದ್ಯ. ಅದೂ ಇನ್ನೊಬ್ಬನ ಪಂಥದ ಗೆಲುವಾಗಿ ಮುಗಿಯಿತು.

ಕಂತಿ ನಿಜವಾಗಿ ಇದ್ದಳೇ ಎಂಬ ಬಗ್ಗೆಯೇ ವಿದ್ವಾಂಸರಲ್ಲಿ ಸಂದೇಹವಿದೆ. ಸಂದೇಹಕ್ಕೆ ಕಾರಣವೂ ಇಲ್ಲದಿಲ್ಲ: ಆಕೆಯದೆಂಬ ಸ್ವತಂತ್ರ ಕಾವ್ಯವಿಲ್ಲ, ಕಥೆಯೋ ಬಹಳ ಕಾಲದ ಮೇಲೆ ಬರೆದಿಟ್ಟದ್ದು. ‘ಕಂತಿ’ಯೆಂಬುದು ಹೆಸರು ಕೂಡ ಅಲ್ಲದಿರಬಹುದು; ಜೈನ ಸನ್ಯಾಸಿನಿಯರನ್ನು ಕಂತಿಯರೆಂದು ಕರೆಯುತ್ತಿದ್ದರು. ಹೀಗೆ ಕನ್ನಡದ ಮೊದಲ ಕವಯಿತ್ರಿಯೆಂದು ನಾವು ಹೇಳಿಕೊಳ್ಳುವವಳ ಹೆಸರು ನಮಗೆ ಗೊತ್ತಿಲ್ಲ, ಕಾವ್ಯ ನಮ್ಮಲ್ಲಿಲ್ಲ. ಇರುವುದೆಲ್ಲ ಬೇರೊಬ್ಬ ಅರ್ಧಕ್ಕೆ ನಿಲ್ಲಿಸಿದ ಪದ್ಯಗಳ ಉಳಿದರ್ಧ. ಕೊಟ್ಟ ಸಾಲು ಬಾಯಿ ಬಿಡಿಸುತ್ತದೆ, ನಿಜ. ಆದರೆ ಸದಾ ಸಾಲು ಕೊಡುವವರು ಒಬ್ಬರೇ, ತುಂಬುವವರು ಇನ್ನೊಬ್ಬರೇ ಆದರೆ ತುಂಬುವವರ ಗತಿ ಏನು? ಸಮಸ್ಯಾಪೂರ್ತಿಯನ್ನು ಕೊಂಡಾಡುವವರು ಈ ಪ್ರಶ್ನೆಯನ್ನು ಕೇಳಿಕೊಂಡದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಈಗ ಸಾಣಾಪುರದ ಸುತ್ತಿನ ಸೀಮೆಗೆ ಮರಳೋಣ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡೆಂದು ಗುರುತಿಸಿದ ಊರುಗಳಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳ, ಒಂದು. ಓದು ಬರಹ ಕಲಿಯದವರೂ ಇಲ್ಲಿ ಕಾವ್ಯ ಕಟ್ಟಬಲ್ಲರೆಂದು ಆ ಗ್ರಂಥಕಾರ ಕನ್ನಡಿಗರನ್ನು ಮೆಚ್ಚಿಕೊಂಡದ್ದು ಎಲ್ಲರಿಗೂ ತಿಳಿದದ್ದೇ. ಸಾಣಾಪುರದಿಂದ ಆನೆಗೊಂದಿ ಕೂಗಳತೆಯಲ್ಲದಿದ್ದರೂ ನಡಿಗೆಯ ಅಳತೆಯಲ್ಲಿದೆ. ಹೊಳೆಯಾಚೆ ವಿಜಯನಗರ. ೧೫೨೦ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಲ್ಲಿಯ ಜನ ಬುಟ್ಟಿಯಂತೆ ದುಂಡಗಿರುವ ದೋಣಿಗಳಲ್ಲಿ ಹೊಳೆ ದಾಟುತ್ತಾರೆಂದು ಬರೆದಿಟ್ಟಿದ್ದಾನೆ. ಸೋದರತ್ತೆಯ ಹರಿಗೋಲಿಗೆ ಐನೂರು ವರ್ಷದ ಸಾಕ್ಷಿ ಸಿಕ್ಕಂತಾಯಿತು.

ಆ ಹೊಳೆಯಾಚೆ ಕೃಷ್ಣದೇವರಾಯ (೧೫೦೯–೧೫೨೯) ಆಳುತ್ತಿದ್ದಾಗ ನಡೆದ ಎರಡು ಸಂಗತಿಗಳು ನಮ್ಮ ವಿಷಯಕ್ಕೆ ಸೇರಿದವು. ಮೊದಲನೆಯದು ಅರಸನದೇ. ಕಳಿಂಗದ ದಂಡಯಾತ್ರೆಯ ಕಾಲದಲ್ಲಿ ಕೃಷ್ಣಾತೀರದ ಶ್ರೀಕಾಕುಳದಲ್ಲಿ ತಂಗಿದ್ದಾಗ ಕನಸಿನಲ್ಲಿ ಆಂಧ್ರವಿಷ್ಣು ಕಾಣಿಸಿಕೊಂಡು, ಸಂಸ್ಕೃತದಲ್ಲಿ ಬರೆದೆಯಲ್ಲ, ಈಗ ತೆಲುಗಿನಲ್ಲಿ ನನ್ನ ಕಥೆಯನ್ನು ಹೇಳು ಎಂದನಂತೆ. ‘ಆಮುಕ್ತಮಾಲ್ಯದ’ದ ಪೀಠಿಕೆಯಲ್ಲಿ ರಾಯನೇ ಇದನ್ನು ಹೇಳಿಕೊಂಡಿದ್ದಾನೆ. ದೇವರು ಕೊಟ್ಟದ್ದು ಕಥೆಯನ್ನು ಮಾತ್ರವಲ್ಲ, ಭಾಷೆಯನ್ನು ಕೂಡ. ನಾಲ್ಕು ಶತಮಾನಗಳ ಮೇಲೆ, ೧೯೨೪ರಲ್ಲಿ, ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ವಿದ್ಯಾರ್ಥಿ ಪುಟ್ಟಪ್ಪನವರ ಇಂಗ್ಲಿಷ್ ಪದ್ಯಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಏಕೆ ಬರೆಯಬಾರದೆಂದು ಕೇಳಿದರು. ಮೊದಲು ಹುಡುಗನಿಗೆ ಬೇಸರವಾಯಿತು. ಆಮೇಲೆ ಕುವೆಂಪು ಬಂದರು. ಒಂದು ಕನಸು, ಒಂದು ಭೇಟಿ. ಎರಡರಲ್ಲೂ ಹೊರಗಿನಿಂದ ಬಂದದ್ದು ಒಂದೇ ಮಾತು: ಇದರಲ್ಲಿ ಬರೆ. ಉಳಿದದ್ದೆಲ್ಲ ಬರೆದವರದೇ.

ಎರಡನೆಯ ಸಂಗತಿಗೆ ಕೊಪ್ಪಳಕ್ಕೆ ದೂರವಲ್ಲದ ಗದುಗಿಗೆ ಹೋಗಬೇಕು. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನ ಕಂಬವೆಂದು ಇಂದಿಗೂ ತೋರಿಸುತ್ತಾರೆ. ಕವಿ ಮಿಂದು ಒದ್ದೆಬಟ್ಟೆಯಲ್ಲೇ ಬಂದು ಕಂಬಕ್ಕೊರಗಿ ಕೂತರೆ ಕಾವ್ಯ ಹರಿಯುತ್ತಿತ್ತು, ಬಟ್ಟೆ ಆರಿದೊಡನೆ ನಿಲ್ಲುತ್ತಿತ್ತು ಎಂಬುದು ಪ್ರತೀತಿ. ಅವನೋ ಕಾವ್ಯದ ಆರಂಭದಲ್ಲೇ ತನಗೆ ಹಲಗೆಯೂ ಬೇಡ ಬಳಪವೂ ಬೇಡ, ಬರೆದ ಮಾತನ್ನು ಅಳಿಸುವುದಿಲ್ಲ, ಓಲೆಯ ಮೇಲೆ ಕಂಟದ ಸದ್ದು ನಿಲ್ಲುವುದಿಲ್ಲ ಎಂದು ಹೆಮ್ಮೆಪಟ್ಟವನು. ರಾಜಶೇಖರನ ಪಟ್ಟಿಯ ಮೊದಲ ಎರಡು ವಸ್ತುಗಳನ್ನೇ ಆಚೆಗೆ ಎಸೆದಂತಾಯಿತು. ಇಷ್ಟು ಧೈರ್ಯದಿಂದ ಮಾತನಾಡಿದವನ ಸುತ್ತ, ಬಟ್ಟೆ ಆರುವವರೆಗೆ ಮಾತ್ರ ಎಂಬ ಗಡುವಿನ ಕಥೆಯನ್ನು ಜನ ಹೆಣೆದದ್ದು ಏಕೋ? ನನಗೆ ತೋರುವುದು: ಎಂದೂ ನಿಲ್ಲದ ಕವಿ ಜನಕ್ಕೆ ನಂಬಿಕೆಯಾಗಲಿಲ್ಲ. ಬಟ್ಟೆ ಎಷ್ಟು ಹೊತ್ತು ಒದ್ದೆಯಾಗಿದ್ದೀತು ಎಂಬುದು ಎಲ್ಲ ಗೃಹಿಣಿಯರಿಗೂ ಗೊತ್ತಿರುವ ಲೆಕ್ಕ.

ಹೇಗೋ ಅವನ ಕಂಟವೂ ನಿಂತಿತು. ಹತ್ತು ಪರ್ವಗಳಾದ ಮೇಲೆ, ದುರ್ಯೋಧನ ಬಿದ್ದು ಧರ್ಮರಾಯನಿಗೆ ಪಟ್ಟವಾಗುವ ಹೊತ್ತಿಗೆ ‘ಕರ್ಣಾಟ ಭಾರತ ಕಥಾಮಂಜರಿ’ ಮುಗಿಯುತ್ತದೆ. ಶಾಂತಿಪರ್ವದಿಂದ ಮುಂದಿನ ಕಥೆ ಕನ್ನಡದಲ್ಲಿ ಹಾಗೆಯೇ ಉಳಿದಿತ್ತು. ಅದನ್ನು ಪೂರ್ತಿಮಾಡೆಂದು ಕೃಷ್ಣದೇವರಾಯ ಹೇಳಿದ್ದು ತಿಮ್ಮಣ್ಣಕವಿಗೆ. ಅದೇ ಭಾಮಿನೀ ಷಟ್ಪದಿ, ಅದೇ ಕಥೆ, ನಿಂತ ಜಾಗದಿಂದ ಹೊರಡಬೇಕು. ಕನ್ನಡದಲ್ಲಿ ಒಬ್ಬನಿಗೆ ಇಷ್ಟು ದೊಡ್ಡ ಸಮಸ್ಯೆಯನ್ನು ಕೊಟ್ಟದ್ದು ನಾನು ಬೇರೆ ಕಾಣೆ: ಕೊಟ್ಟ ಪಾದವೇ ಹತ್ತು ಪರ್ವ. ತಿಮ್ಮಣ್ಣ ಹಿಂಜರಿಯದೆ ಮುಗಿಸಿ, ಅರಸನ ಹೆಸರಿನಲ್ಲಿ ‘ಕೃಷ್ಣರಾಯ ಭಾರತ’ವೆಂದು ಕರೆದ.

ಅವನನ್ನು ಈಗ ಯಾರು ಓದುತ್ತಾರೆ? ಗಮಕಿಗಳು ಕರ್ಣಪರ್ವವನ್ನು ಹಾಡುತ್ತಾರೆ, ಊರು ಕೂತು ಕೇಳುತ್ತದೆ. ತಿಮ್ಮಣ್ಣನ ಭಾಗ ಸಾಹಿತ್ಯಚರಿತ್ರೆಯಲ್ಲಿ ಒಂದು ಪ್ಯಾರಾ. ತಪ್ಪು ಅವನ ಕೈಯದೇ ಎಂದು ಹೇಳಲಾರೆ. ಯುದ್ಧವೆಲ್ಲ ಮುಗಿದು ಭೀಷ್ಮನ ಉಪದೇಶದಿಂದ ಆರಂಭಿಸಬೇಕಾದವನಿಗೆ ಸಿಕ್ಕ ಸರಕೇ ಹಾಗಿತ್ತು. ತೆಲುಗಿನಲ್ಲಿ ನನ್ನಯ್ಯ ಅರಣ್ಯಪರ್ವದ ನಡುವೆ ನಿಲ್ಲಿಸಿದ್ದನ್ನು ಮುಂದುವರಿಸುವಾಗ ತಿಕ್ಕನ ಜಾಣತನದಿಂದ ವಿರಾಟಪರ್ವದಿಂದ ಹೊರಟ. ಬಿಟ್ಟ ತುಣುಕನ್ನು ಆಮೇಲೆ ಎರ್ರನ ತುಂಬಿದ. ಮೂವರೂ ಇಂದು ಸಮಾನ ಗೌರವದ ಕವಿಗಳು. ಬೇರೊಬ್ಬನ ಕೊನೆಯ ಸಾಲಿನಿಂದ ಹೊರಡುವವನು ಆ ಸಾಲಿನ ನೆರಳಿನಿಂದ ಎಷ್ಟು ಬೇಗ ಈಚೆ ಬರುತ್ತಾನೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ತಿಮ್ಮಣ್ಣನಿಗೆ ಅಷ್ಟು ಬಯಲು ದೊರೆಯಲಿಲ್ಲ.

ವಿಜಯನಗರದ ಕಾಲ ಮುಗಿದು ಮುಂದೆ ಈ ಸೀಮೆ ನಿಜಾಮರ ರಾಜ್ಯಕ್ಕೆ ಸೇರಿ, ೧೯೪೮ರವರೆಗೆ ಅಲ್ಲೇ ಇತ್ತು. ರಾಜಧಾನಿಯಾದ ಹೈದರಾಬಾದಿನಲ್ಲಿ ಉರ್ದು ಕವಿಗಳು ಸಮಸ್ಯೆಯ ಸೋದರಿಯೊಬ್ಬಳನ್ನು ಸಾಕಿಕೊಂಡಿದ್ದರು. ‘ತರಹೀ ಮುಶಾಯಿರಾ’ ಎಂದು ಅದರ ಹೆಸರು. ಮುಂಚಿತವಾಗಿ ಒಂದು ಸಾಲನ್ನು ಸಾರುತ್ತಾರೆ. ಬರುವ ಕವಿಗಳೆಲ್ಲರೂ ಅದೇ ಲಯ, ಅದೇ ಪ್ರಾಸ, ಅದೇ ಅಂತ್ಯಪದದಲ್ಲಿ ಗಜಲು ಕಟ್ಟಿ ತರಬೇಕು. ಆ ಲಯಪ್ರಾಸಗಳ ಚೌಕಟ್ಟಿಗೆ ಅವರು ‘ಜಮೀನು’ ಎನ್ನುತ್ತಾರೆ. ಸೊಗಸಾದ ಮಾತು. ಹೊಲ ಒಂದೇ, ಬೆಳೆ ಅವರವರ ಬೀಜದ್ದು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ತಾವೂ ಗಜಲು ಬರೆಯುತ್ತಿದ್ದರು. ದಿಲ್ಲಿಯ ದಾಗ್ ಅವರಿಗೆ ಗುರುವಾಗಿ ಬಂದು, ೧೯೦೫ರಲ್ಲಿ ಹೈದರಾಬಾದಿನಲ್ಲೇ ತೀರಿಕೊಂಡರು.

ಯುರೋಪಿನ ಒಂದು ನಿದರ್ಶನವನ್ನು ಮಾತ್ರ ಹೇಳುತ್ತೇನೆ. ೧೮೧೫ರಲ್ಲಿ ಇಂಡೋನೇಷಿಯದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಬೂದಿಯಿಂದ ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಮಳೆಗೆ ಸಿಕ್ಕಿಕೊಂಡಿದ್ದ ಗೆಳೆಯರಿಗೆ ಬೈರನ್ ಕವಿ, ನಾವೆಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದ. ಹೆಸರಾಂತ ಕವಿಗಳಾದ ಬೈರನ್, ಶೆಲ್ಲಿ ಇಬ್ಬರೂ ಬೇಗನೆ ಕೈಬಿಟ್ಟರು. ಹದಿನೆಂಟು ವರ್ಷದ ಮೇರಿಗೆ ಮಾತ್ರ ದಿನಗಟ್ಟಲೆ ಏನೂ ಹೊಳೆಯಲಿಲ್ಲ. ಕಥೆ ಹೊಳೆಯಿತೇ ಎಂದು ಪ್ರತಿ ಬೆಳಿಗ್ಗೆ ಕೇಳುತ್ತಿದ್ದರೆಂದೂ, ಪ್ರತಿ ಬೆಳಿಗ್ಗೆಯೂ ಇಲ್ಲವೆನ್ನಲು ನಾಚಿಕೆಯಾಗುತ್ತಿತ್ತೆಂದೂ ಆಕೆ ೧೮೩೧ರ ಮುನ್ನುಡಿಯಲ್ಲಿ ಬರೆದಿದ್ದಾ­ಳೆ. ಒಂದು ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಕಥೆ ಬಂತು. ೧೮೧೮ರಲ್ಲಿ ಅಚ್ಚಾದ ‘ಫ್ರಾಂಕೆನ್‌ಸ್ಟೈನ್’ ಅದೇ. ಮೊದಲ ಮುದ್ರಣದಲ್ಲಿ ಲೇಖಕಿಯ ಹೆಸರಿರಲಿಲ್ಲ. ಆದರೆ ಮೇರಿ ಶೆಲ್ಲಿಗೆ ಕಂತಿಯ ಗತಿ ಬರಲಿಲ್ಲ; ಬೈರನ್ ಎಸೆದದ್ದು ಅರ್ಧ ಪದ್ಯವಲ್ಲ, ಬರಿಯ ಒಂದು ಆಹ್ವಾನ. ಅದರ ಉಳಿದರ್ಧ ಎಷ್ಟು ದೊಡ್ಡದೆಂದು ನಿಶ್ಚಯಿಸುವ ಸ್ವಾತಂತ್ರ್ಯ ಅವಳಿಗಿತ್ತು.

ಸಮಸ್ಯಾಪೂರ್ತಿಗೆ ಕೆಟ್ಟ ಹೆಸರು ಬಂದದ್ದು ಈಚೆಗೆ. ಹಿಂದಿಯಲ್ಲಿ ಭಾರತೇಂದು ಹರಿಶ್ಚಂದ್ರರ ಕಾಲಕ್ಕೆ ಕವಿಸಮಾಜಗಳೇ ಸಮಸ್ಯೆಗಳಿಗಾಗಿ ಕೂಡುತ್ತಿದ್ದವು. ಮುಂದಿನ ತಲೆಮಾರು ಅದನ್ನು ಹಳಸಿದ ಚಮತ್ಕಾರವೆಂದು ಬದಿಗಿಟ್ಟಿತು. ನಮ್ಮಲ್ಲಿಯೂ ನವೋದಯದವರು ಆಸ್ಥಾನದ ಚಾಟುಪದ್ಯಗಳಿಂದ ಮುಖ ತಿರುಗಿಸಿದರು. ಕವಿತೆ ಎದೆಯಿಂದ ಉಕ್ಕಬೇಕು, ಕೊಟ್ಟ ಸಾಲಿನಿಂದಲ್ಲ ಎಂಬುದು ಆ ಕಾಲದ ನಂಬಿಕೆ. ಆದರೆ ಅದೇ ನವೋದಯದ ಬಾಗಿಲು ತೆರೆದ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ (೧೯೨೬) ಏನು? ಇಂಗ್ಲಿಷ್ ಕವಿಗಳು ಕೊಟ್ಟ ಪದ್ಯ, ಕನ್ನಡ ಕಟ್ಟಿಕೊಟ್ಟ ಹೊಸ ಲಯ. ಹಳೆಯ ಛಂದಸ್ಸುಗಳಲ್ಲಿ ಬಾಯಿ ಕಟ್ಟಿಕೊಂಡು ಕೂತಿದ್ದ ಒಂದು ಭಾಷೆಯ ಕಾವ್ಯಕ್ಕೆ ಅವರು ಹೊರಗಿನ ಸಾಲನ್ನು ಹಿಡಿದು ಹಾದಿ ಮಾಡಿದರು.

ಸಮಸ್ಯೆ ಮಾತ್ರ ಸಾಯಲಿಲ್ಲ. ಅವಧಾನದ ಸಭೆಗಳಲ್ಲಿ ಅದು ಇಂದಿಗೂ ನಡೆಯುತ್ತಿದೆ. ಎಂಟು ಮಂದಿ ಪೃಚ್ಛಕರು ಕೂಡುತ್ತಾರೆ. ಒಬ್ಬರು ಸಮಸ್ಯೆ ಕೊಡುತ್ತಾರೆ. ಒಬ್ಬರು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಕೊಟ್ಟು ನಾಲ್ಕು ಪಾದಗಳಲ್ಲಿ ಬರಿಸುತ್ತಾರೆ, ಇದು ದತ್ತಪದಿ. ಇನ್ನೊಬ್ಬರು ಪ್ರತಿ ಹೆಜ್ಜೆಗೂ ಒಂದೊಂದು ಅಕ್ಷರವನ್ನು ಬೇಡವೆನ್ನುತ್ತ ಹೋಗುತ್ತಾರೆ, ಇದು ನಿಷೇಧಾಕ್ಷರಿ. ನಡುನಡುವೆ ಅಪ್ರಸ್ತುತ ಪ್ರಸಂಗಿಯ ಕೀಟಲೆ. ಅವಧಾನಿ ಒಂದು ಸುತ್ತಿಗೆ ಒಂದೊಂದು ಪಾದ ಹೇಳುತ್ತ, ಬರೆದುಕೊಳ್ಳದೆ, ಕೊನೆಗೆ ಎಲ್ಲವನ್ನೂ ಒಪ್ಪಿಸಬೇಕು. ೨೦೧೨ರಲ್ಲಿ ಬೆಂಗಳೂರಿನಲ್ಲಿ ಆರ್. ಗಣೇಶರು ನೂರು ಪೃಚ್ಛಕರ ಮುಂದೆ ಪೂರ್ತಿ ಕನ್ನಡದಲ್ಲೇ ಶತಾವಧಾನ ನಡೆಸಿದರು. ಗಣೇಶರು ಓದಿದ್ದು ಇಂಜಿನಿಯರಿಂಗು; ನಮ್ಮ ಮದುಮಗನನ್ನು ಕಂಡು ಆ ವರ್ಗವನ್ನೇ ಹಗುರವಾಗಿ ಎಣಿಸಬಾರದು. ಫ್ರಾನ್ಸಿನ ಜಾರ್ಜ್ ಪೆರೆಕ್ ೧೯೬೯ರಲ್ಲಿ ‘ಇ’ ಅಕ್ಷರವೇ ಇಲ್ಲದ ಕಾದಂಬರಿ ಬರೆದಾಗ ಲೋಕ ಬೆರಗಾಯಿತು. ನಮ್ಮ ನಿಷೇಧಾಕ್ಷರಿಗೆ ಅದು ಪರದೇಶದ ನೆಂಟ.

ಆದರೆ ಎಲ್ಲಕ್ಕಿಂತ ಕಠಿಣವಾದ ನಿಷೇಧಾಕ್ಷರಿಯನ್ನು ನಮ್ಮ ಹೆಂಗಸರು ಮನೆಯೊಳಗೆ ಆಡುತ್ತ ಬಂದಿದ್ದಾರೆ. ಅಲ್ಲಿ ನಿಷೇಧಿಸಿದ್ದು ಅಕ್ಷರವಲ್ಲ, ಗಂಡನ ಹೆಸರು. ಹಿಂದಿನವರು ದಿನಬಳಕೆಯಲ್ಲಿ ಅದನ್ನು ಉಚ್ಚರಿಸುವಂತಿರಲಿಲ್ಲ. ಆ ಹೆಸರಿನ ಊರಿದ್ದರೆ, ಕಾಳಿದ್ದರೆ, ಅದಕ್ಕೂ ಬೇರೆ ಪದ ಹುಡುಕಬೇಕು. ಬಾಯಿ ತುಂಬ ಹೆಸರು ಹೇಳಲು ಇದ್ದ ಒಂದೇ ಪರವಾನಗಿ ಒಡಪು. ಪದ್ಯವಾದರೆ ಮಾತ್ರ ತಪ್ಪಿಲ್ಲ! ಹೀಗಾಗಿ ಓದು ಬರಹವಿಲ್ಲದ ಹುಡುಗಿಯೂ ಮದುವೆಯ ದಿನ ಕವಿಯಾಗಲೇಬೇಕಿತ್ತು. ಕಟ್ಟಳೆ ಕಟ್ಟಿದವರ ಉದ್ದೇಶ ಅದಾಗಿರಲಿಲ್ಲ, ನಿಜ. ಬೀಸುವ ಕಲ್ಲಿನ ಮುಂದೆ ಒಬ್ಬಳು ಎತ್ತಿಕೊಟ್ಟ ನುಡಿಯನ್ನು ಇನ್ನೊಬ್ಬಳು ಮುಂದುವರಿಸುತ್ತ ಬೆಳೆದ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು ಕೂಡಿಸಿ ೧೯೩೧ರಲ್ಲಿ ‘ಗರತಿಯ ಹಾಡು’ ಎಂದು ತಂದಾಗ ನಾಡು ಕಣ್ಣರಳಿಸಿತು. ಅಲ್ಲಿ ಸಾಲು ಕೊಟ್ಟವಳೂ ತುಂಬಿದವಳೂ ಸರದಿಯ ಮೇಲೆ ಬದಲಾಗುತ್ತಿದ್ದರು. ದೋರಸಮುದ್ರದ ಸಭೆಯಲ್ಲಿ ಇಲ್ಲದಿದ್ದದ್ದು ಈ ಸರದಿ. ಇಬ್ಬರ ಹೆಸರೂ ಉಳಿದಿಲ್ಲವೆಂಬುದು ಬೇರೆ ಮಾತು. ಹರದೇಸಿ-ನಾಗೇಸಿಯ ಮೇಳಗಳಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ಸವಾಲು-ಜವಾಬು ನಡೆಯುವಾಗಲೂ ಹೀಗೆಯೇ: ಜವಾಬು ಕೊಟ್ಟವರಿಗೆ ಮರುಸವಾಲಿನ ಹಕ್ಕು.

ಮದುವೆಮನೆಯಿಂದ ಹೊರಡುವ ಬೆಳಿಗ್ಗೆ ಆ ಸೋದರತ್ತೆಗೆ ನಮಸ್ಕಾರ ಮಾಡಿ ನನ್ನ ಕಷ್ಟವನ್ನೂ ಹೇಳಿಕೊಂಡೆ. “ನನಗೂ ಒಂದು ಸಾಲ ಕೊಡ್ರಿ ಅತ್ತೀ, ಬರಿಯಾಕ ಏನೂ ಹೊಳೀವಲ್ದು” ಎಂದೆ. ಆಕೆ ನೆಲಗಡಲೆ ಸುಲಿಯುತ್ತ ಕುಳಿತಿದ್ದರು. ಕೆಲಸ ನಿಲ್ಲಿಸದೆ ಕೆರೆಯ ಕಡೆಗೊಮ್ಮೆ ನೋಡಿ, “ಕೆರಿ ತುಂಬಿದ್ರೂ ಕೊಡ ತುಂಬಲಿಲ್ಲ” ಎಂದರು. ಬರೆದುಕೊಂಡೆ. “ಹಂಗಾರ ನಿಮಗ ನಾ ಒಂದು ಸಾಲ ಕೊಡ್ಲೇನ್ರೀ?” ಎಂದು ಕೇಳಿದೆ. “ಮೊದಲ ನಿಂದು ಮುಗಸು ತಮ್ಮಾ, ಆಮ್ಯಾಲೆ ನೋಡೂನು” ಎಂದು ನಕ್ಕು ಇನ್ನೊಂದು ಹಿಡಿ ಕಾಯಿ ಎತ್ತಿಕೊಂಡರು.

ಗಂಗಾವತಿಯ ಬಸ್ಸಿನಲ್ಲಿ ಒಂದು ಪೂರಣ ಮಾಡಿದೆ, ಹೊಡೆದುಹಾಕಿದೆ. ಊರಿಗೆ ಬಂದು ಇನ್ನೊಂದು ಮಾಡಿದೆ; ಕೊಡ ಒಡಕಾಗಿತ್ತೆಂದು. ಅದು ತೀರ ಸುಲಭವಾಯಿತೆಂದು ಮನೆಯಾಕೆ ಒಪ್ಪಲಿಲ್ಲ. ಸಾಲು ಇನ್ನೂ ಡೈರಿಯಲ್ಲಿದೆ.